ಗುಳ್ಳೆ ಬೇರೆ, ಹುಳಿ ಬೇರೆ

— ದೊಡ್ಡಮ್ಮ, ಗೃಹಪ್ರವೇಶಕ್ಕೆ ಬಂದವರಿಗೆ ಕುಡಿಯೋಕೆ ಏನು ಕೊಡೋದು ಅಂತ ಮನೆಯಲ್ಲಿ ದಿನಾ ಚರ್ಚೆ. ಅಪ್ಪ ಪಾನಕ, ಮಜ್ಜಿಗೆ ಸಾಕು ಅಂತಾರೆ. ಇವರು ಅಂಗಡಿಯಿಂದ ತಂಪು ಪಾನೀಯ ತರಿಸಿಬಿಡೋಣ ಅಂತಾರೆ. ನನಗೆ ಮಾತ್ರ ಮನೆಯಲ್ಲೇ ನಿಂಬೆ ಸೋಡ ಮಾಡಿಕೊಡಬೇಕು ಅಂತ ಆಸೆ. ಏಪ್ರಿಲ್ ಬಿಸಿಲು, ನಲವತ್ತು ಜನ. ಆಗೋ ಮಾತಾ?

— ಯಾಕಾಗಲ್ಲ? ಪಾನಕವೂ ಇರಲಿ, ಅದು ದೇವರಿಗೆ. ಬಿಸಿಲಲ್ಲಿ ಬಂದು ಕೂತವರ ಕೈಗೆ ನಿಂಬೆ ಸೋಡ ಕೊಡು, ಬಹಳ ಚೆನ್ನಾಗಿರುತ್ತೆ. ಆದರೆ ಗುಳ್ಳೆ ಎಲ್ಲಿಂದ ತರ್ತೀಯ?

— ಅಜ್ಜಿ ಮಾಡ್ತಿದ್ದ ಹಾಗೆ. ಷರಬತ್ತಿಗೆ ಚಿಟಿಕೆ ಅಡುಗೆ ಸೋಡ ಹಾಕಿದರೆ ಬುಸ್ ಅಂತ ಉಕ್ಕುತ್ತಲ್ಲ.

— ಉಕ್ಕುತ್ತೆ, ಉಕ್ಕಿದ್ದೆಲ್ಲ ಗಾಳಿಗೆ ಹೋಗುತ್ತೆ. ಮಕ್ಕಳಿಗೆ ನೋಡೋಕೆ ಚೆಂದ, ಕುಡಿಯೋಕೆ ಅಲ್ಲ. ಲೆಕ್ಕ ಹಾಕಿ ನೋಡು. ನಿಂಬೆರಸದಲ್ಲಿ ನೂರಕ್ಕೆ ಐದಾರು ಪಾಲು ಸಿಟ್ರಿಕ್ ಆಮ್ಲ. ಒಂದು ಹಣ್ಣಿಂದ 20 ಮಿಲಿ ರಸ ಬಂತು ಅನ್ನು, ಅದರಲ್ಲಿ ಆಮ್ಲ ಒಂದು ಗ್ರಾಂಗೆ ಸ್ವಲ್ಪ ಮೇಲೆ. ಕಾಲು ಚಮಚ ಅಡುಗೆ ಸೋಡ ಹಾಕಿದರೆ ಆ ಆಮ್ಲದಲ್ಲಿ ಮುಕ್ಕಾಲು ಪಾಲು ಖರ್ಚಾಗಿಹೋಗುತ್ತೆ. ಅದರ ಜಾಗಕ್ಕೆ ಸೋಡಿಯಂ ಸಿಟ್ರೇಟ್ ಅನ್ನೋ ಲವಣ ಬರುತ್ತೆ. ಕುಡಿದಾಗ ನಾಲಿಗೆ ಸಪ್ಪೆ ಸಪ್ಪೆ, ಹಿಂದೆಯೇ ಒಂದು ಥರ ಉಪ್ಪು. ಯಾವ ಹುಳಿಗೋಸ್ಕರ ನಿಂಬೆ ಹಿಂಡಿದೆಯೋ ಅದನ್ನೇ ಕೊಟ್ಟು ಗುಳ್ಳೆ ಕೊಂಡ ಹಾಗಾಯ್ತು. ಆ ಗುಳ್ಳೆಯೂ ಲೋಟದಲ್ಲಿ ನಿಲ್ಲಲ್ಲ.

— ಸ್ವಲ್ಪವೇ ಹಾಕಿದರೆ?

— ಸ್ವಲ್ಪವೇ ಉಕ್ಕುತ್ತೆ. ಇನ್ನೊಂದು ಮಾತು, ಆ ಕಾಲು ಚಮಚದಲ್ಲಿ ಸೋಡಿಯಂ 300 ಮಿಲಿಗ್ರಾಂ ದಾಟುತ್ತೆ. ದೊಡ್ಡವರು ಇಡೀ ದಿನಕ್ಕೆ 2 ಗ್ರಾಂ ಒಳಗೆ ಇರಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ನಿಮ್ಮನೆಗೆ ಬರೋ ನಲವತ್ತರಲ್ಲಿ ಬಿಪಿ ಮಾತ್ರೆ ನುಂಗೋರು ಹತ್ತು ಜನವಾದರೂ ಇರ್ತಾರೆ. ಅವರ ಲೋಟಕ್ಕೆ ಕೇಳದೆ ಸೋಡಿಯಂ ಸುರಿಯೋದು ಸರಿಯಲ್ಲ.

— ಹಾಗಾದರೆ ಅಂಗಡಿ ಸೋಡಕ್ಕೆ ಗ್ಯಾಸ್ ಬರೋದು ಹೇಗೆ?

— ಅದರಲ್ಲಿ ಅಡುಗೆ ಸೋಡ ಹಾಕಿ ಉಕ್ಕಿಸಲ್ಲ ಕಣೇ. ತಣ್ಣೀರಿಗೆ ಇಂಗಾಲದ ಡೈಆಕ್ಸೈಡ್ ಅನ್ನು ಒತ್ತಡ ಹಾಕಿ ತುಂಬ್ತಾರೆ. ನೀರಿನ ಮೇಲೆ ಗ್ಯಾಸ್ ಎಷ್ಟು ಒತ್ತುತ್ತೋ ಅಷ್ಟಕ್ಕೆ ತಕ್ಕ ಹಾಗೆ ಒಳಗೆ ಕರಗುತ್ತೆ. ಇಂಗ್ಲೆಂಡಿನ ವಿಲಿಯಂ ಹೆನ್ರಿ 1803ರಲ್ಲಿ ಹೇಳಿದ್ದು ಇದನ್ನೇ. ಕ್ಲಾಸಲ್ಲಿ ಪಾಠ ಮಾಡುವಾಗ ನಾನು ಸೋಡ ಬಾಟಲಿ ತಗೊಂಡು ಹೋಗಿ ಮುಚ್ಚಳ ತೆಗೆದು ತೋರಿಸ್ತಿದ್ದೆ. ಮುಚ್ಚಳ ಬಿಗಿಯಾಗಿರೋವರೆಗೆ ನೀರು ತಿಳಿಯಾಗಿ ಸುಮ್ಮನಿರುತ್ತೆ. ತಿರುಗಿಸಿದ ತಕ್ಷಣ ಒತ್ತಡ ಬಿತ್ತು, ಅಡಿಯಿಂದ ಗುಳ್ಳೆ ಏಳೋಕೆ ಶುರು.

— ಮೊದಲು ಇದನ್ನ ಕಂಡುಹಿಡಿದವರು ಯಾರು?

— ಜೋಸೆಫ್ ಪ್ರೀಸ್ಟ್ಲಿ. 1767ರಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಅವನ ಮನೆ ಪಕ್ಕ ಬಿಯರ್ ಮಾಡೋ ಕಾರ್ಖಾನೆ ಇತ್ತು. ಹುದುಗೋ ತೊಟ್ಟಿಯ ಮೇಲೆ ಒಂದು ಭಾರವಾದ ಗಾಳಿ ಹರಡಿಕೊಂಡಿರೋದನ್ನ ಗಮನಿಸಿದ. ಆ ಗಾಳಿಯೊಳಗೆ ನೀರನ್ನ ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಸುರಿದು ಸುರಿದು ನೋಡಿದ. ನೀರಿಗೆ ಚುರುಕು ಬಂತು. ಆಮೇಲೆ ಸೀಮೆಸುಣ್ಣದ ಕಲ್ಲಿಗೆ ಗಂಧಕಾಮ್ಲ ಹಾಕಿ ಅದೇ ಗ್ಯಾಸ್ ಬರಿಸಿ ನೀರಿಗೆ ಸೇರಿಸೋದು ಹೇಗೆ ಅಂತ 1772ರಲ್ಲಿ ಒಂದು ಸಣ್ಣ ಪುಸ್ತಕ ಬರೆದ. ಅವನಿಗೆ ಆ ನೀರಿನ ಮೇಲೆ ದೊಡ್ಡ ನಂಬಿಕೆ ಇತ್ತು. ಹಡಗಿನವರಿಗೆ ವಸಡು ಕೊಳೆತು ಹಲ್ಲು ಉದುರೋ ಸ್ಕರ್ವಿ ರೋಗ ಬರ್ತಿತ್ತಲ್ಲ, ಅದಕ್ಕೆ ಇದೇ ಮದ್ದು ಅಂದುಕೊಂಡ. ಕ್ಯಾಪ್ಟನ್ ಕುಕ್‌ನ ಎರಡನೇ ಸಮುದ್ರಯಾನಕ್ಕೆ ಅವನ ವಿಧಾನವೂ ಹೋಯಿತು.

— ರೋಗ ವಾಸಿಯಾಯಿತಾ?

— ಗ್ಯಾಸ್ ನೀರಿಂದ ಅದು ಆಗೋ ಹಾಗೇ ಇರಲಿಲ್ಲ. ಸ್ಕರ್ವಿ ವಿಟಮಿನ್ ಸಿ ಕೊರತೆ. ಅದಕ್ಕೆ ಕಿತ್ತಳೆ, ನಿಂಬೆ ಬೇಕು. ಜೇಮ್ಸ್ ಲಿಂಡ್ ಅನ್ನೋ ಹಡಗಿನ ವೈದ್ಯ 1747ರಲ್ಲೇ ರೋಗಿಗಳಿಗೆ ಎರಡನ್ನೂ ಕೊಟ್ಟು ತೋರಿಸಿದ್ದ. ನನಗೆ ಈ ಎರಡು ಕಥೆ ಒಟ್ಟಿಗೆ ನೆನಪಾದಾಗಲೆಲ್ಲ ಅನ್ನಿಸುತ್ತೆ: ಗುಳ್ಳೆ ಕೊಡೋದು ಖುಷಿ, ಗುಣ ಇರೋದು ಹಣ್ಣಲ್ಲಿ. ಹಾಗಂತ ಖುಷಿಯನ್ನ ಬಿಡಬೇಕಾಗಿಲ್ಲ, ಎರಡೂ ಒಂದೇ ಲೋಟದಲ್ಲಿ ಸಿಗುತ್ತೆ.

— ನಮ್ಮ ಗೋಲಿ ಸೋಡವೂ ಆ ಕಾಲದ್ದೇನಾ?

— ಅದು ನೂರು ವರ್ಷ ಈಚೆಗೆ. ಹೈರಮ್ ಕಾಡ್ ಅನ್ನೋ ಇಂಗ್ಲೆಂಡಿನವನು 1872ರಲ್ಲಿ ಆ ಸೀಸೆಗೆ ಪೇಟೆಂಟ್ ತಗೊಂಡ. ನೀನು ಒಂದು ಸೀಸೆ ಕೈಯಲ್ಲಿ ಹಿಡಿದು ನಿಧಾನವಾಗಿ ನೋಡಿದ್ದೀಯಾ? ಬಾಯಿಯ ಒಳಗೆ ಒಂದು ರಬ್ಬರ್ ಉಂಗುರ. ಕತ್ತು ಒತ್ತಿದ ಹಾಗೆ ಕಿರಿದಾಗಿರುತ್ತೆ, ಅದರ ಮೇಲ್ಭಾಗದಲ್ಲೇ ಗೋಲಿ ಓಡಾಡೋದು. ಸೀಸೆಯನ್ನ ತಲೆಕೆಳಗು ಮಾಡಿ ಗ್ಯಾಸ್ ತುಂಬ್ತಾರೆ. ಗೋಲಿ ಬಾಯಿ ಕಡೆ ಬಂದು ಕೂರುತ್ತೆ, ಒಳಗಿನ ಒತ್ತಡವೇ ಅದನ್ನ ಉಂಗುರಕ್ಕೆ ಅದುಮಿ ಹಿಡಿಯುತ್ತೆ. ಬಿರಡೆ ಬೇಡ, ತಗಡಿನ ಮುಚ್ಚಳ ಬೇಡ. ಅಂಗಡಿಯವನು ಹೆಬ್ಬೆರಳಿಂದ ಒತ್ತಿ ಗೋಲಿ ಇಳಿಸ್ತಾನೆ, ಬಗ್ಗಿಸಿದಾಗ ಗೋಲಿ ಮತ್ತೆ ಬಾಯಿಗೆ ಅಡ್ಡ ಬರದ ಹಾಗೆ ಕತ್ತಿನಲ್ಲಿರೋ ತಗ್ಗು ತಡೆಯುತ್ತೆ. ಗ್ಯಾಸ್ ತನ್ನ ಬಾಗಿಲನ್ನ ತಾನೇ ಮುಚ್ಚಿಕೊಳ್ಳೋ ಹಾಗೆ ಮಾಡಿದ್ದಾನಲ್ಲ, ಎಂಥ ತಲೆ ಅವನದು! ಅವನ ದೇಶದಲ್ಲಿ ಆ ಸೀಸೆ ಮೂಲೆಗೆ ಹೋಯಿತು, ನಮ್ಮ ಊರುಗಳಲ್ಲಿ ಇನ್ನೂ ಇದೆ.

— ಸರಿ, ಆದರೆ ನನ್ನ ಹತ್ತಿರ ಗೋಲಿ ಸೀಸೆಯೂ ಇಲ್ಲ, ಯಂತ್ರವೂ ಇಲ್ಲ. ಯೀಸ್ಟ್ ಹಾಕಿ ಬಾಟಲಿಯಲ್ಲಿ ಇಟ್ಟರೆ ತಾನೇ ಗ್ಯಾಸ್ ಬರುತ್ತೆ ಅಂತ ಯಾರೋ ಹೇಳಿದರು.

— ಬರುತ್ತೆ, ಬೇಡ.

— ಅಷ್ಟೇನಾ?

— ಕಾರಣ ಕೇಳು. ಒಂದು ಲೀಟರ್‌ನಲ್ಲಿ 15 ಗ್ರಾಂ ಸಕ್ಕರೆಯನ್ನ ಯೀಸ್ಟ್ ತಿಂದರೆ ಅಂಗಡಿ ಸೋಡದಷ್ಟು ಗ್ಯಾಸ್ ಬರುತ್ತೆ. ಜೊತೆಗೆ ಹೆಚ್ಚುಕಡಿಮೆ ಆ ಗ್ಯಾಸಿನಷ್ಟೇ ತೂಕದ ಮದ್ಯಸಾರವೂ ಬರುತ್ತೆ. ನೂರಕ್ಕೆ ಒಂದು ಪಾಲೇ ಇರಬಹುದು, ಆದರೂ ಹೋಮ ಮಾಡಿದ ಮನೆ, ಮಕ್ಕಳು ಬರೋ ಮನೆ. ಅದಕ್ಕಿಂತ ಭಯ ಇನ್ನೊಂದು. ನಿನ್ನ ಷರಬತ್ತಿನಲ್ಲಿ ಲೀಟರ್‌ಗೆ ಎಪ್ಪತ್ತು ಗ್ರಾಂ ಸಕ್ಕರೆ ಇದ್ದರೆ ಯೀಸ್ಟ್ ಹದಿನೈದಕ್ಕೆ ನಿಲ್ಲಿಸಲ್ಲ. ಏಪ್ರಿಲ್ ಸೆಕೆಯಲ್ಲಿ ಅದು ತಿಂತಾನೇ ಹೋಗುತ್ತೆ, ಒತ್ತಡ ಏರ್ತಾನೇ ಹೋಗುತ್ತೆ. ಗಾಜಿನ ಸೀಸೆಯಾದರೆ ಒಡೆದು ಚೂರು ಹಾರುತ್ತೆ. ಕಲಿಯೋ ಆಸೆ ಇದ್ದರೆ ಬೇರೆ ದಿನ ಒಂದು ಲೀಟರ್ ಪ್ಲಾಸ್ಟಿಕ್ ಬಾಟಲಿಯಲ್ಲಿ ಮಾಡು. ಕೈಯಲ್ಲಿ ಹಿಸುಕಿದರೆ ಬಗ್ಗದಷ್ಟು ಗಟ್ಟಿಯಾದ ತಕ್ಷಣ ಫ್ರಿಜ್‌ಗೆ ಇಡು, ಎರಡು ದಿನದಲ್ಲಿ ಮುಗಿಸು. ನಲವತ್ತು ಜನರಿಗೆ ಮಾತ್ರ ಈ ಸಹವಾಸ ಬೇಡ.

— ಹಾಗಾದರೆ ಉಳಿದದ್ದು?

— ಮನೆಯಲ್ಲೇ ಗ್ಯಾಸ್ ತುಂಬೋಕೆ ಎರಡೇ ದಾರಿ. ಮನೆಯಲ್ಲಿ ಇಟ್ಟುಕೊಳ್ಳೋ ಸೋಡ ಯಂತ್ರ ಸಿಗುತ್ತೆ, ಸಣ್ಣ ಸಿಲಿಂಡರ್ ಕೂರಿಸೋದು. ಇಲ್ಲವೇ ಸೈಫನ್. ಲೀಟರ್ ಸೈಫನ್‌ಗೆ 8 ಗ್ರಾಂ ಗ್ಯಾಸಿನ ಒಂದು ಪುಟ್ಟ ಗುಂಡು ಹಾಕಿದರೆ ಸರಿಯಾಗಿ ಒಂದು ಲೀಟರ್ ಸೋಡ. ಕೊಳ್ಳುವಾಗ ಕೆನೆ ನೊರೆ ಬರಿಸೋ ನೈಟ್ರಸ್ ಆಕ್ಸೈಡ್ ಗುಂಡು ತಂದುಬಿಡಬೇಡ, ನೋಡೋಕೆ ಎರಡೂ ಒಂದೇ ಥರ. ದಿನಾ ಸೋಡ ಕುಡಿಯೋ ಮನೆಗೆ ಯಂತ್ರ ಒಳ್ಳೇದು, ಬಾಟಲಿ ಕಸವೂ ಕಡಿಮೆ. ನಿನ್ನ ಗೃಹಪ್ರವೇಶಕ್ಕೆ ಮಾತ್ರ ಸಾದಾ ಸೋಡ ಅಂಗಡಿಯಿಂದ ತರಿಸು.

— ಅಯ್ಯೋ, ಅದಕ್ಕೆ ಮನೆಯಲ್ಲೇ ಮಾಡಿದ್ದು ಅನ್ನೋಕಾಗುತ್ತಾ ದೊಡ್ಡಮ್ಮ?

— ಆಗುತ್ತೆ. ಸಾದಾ ಸೋಡ ಅಂದರೆ ಹೆಚ್ಚುಕಡಿಮೆ ನೀರು ಮತ್ತು ಗ್ಯಾಸ್, ಅದರಲ್ಲಿ ನಿನ್ನ ಕೈಗುಣ ತೋರಿಸೋಕೆ ಜಾಗವೇ ಇಲ್ಲ. ಕೈಗುಣ ತೋರಿಸಬೇಕಾದ್ದು ನಿಂಬೆಯಲ್ಲಿ. ಜನ ಎಡವೋದು ಇಲ್ಲೇ. ಗುಳ್ಳೆ ಬರಿಸೋದು ಹೇಗೆ ಅಂತ ಅದರ ಹಿಂದೆಯೇ ಓಡ್ತಾರೆ, ನಿಂಬೆಯನ್ನ ಸುಮ್ಮನೆ ಹಿಂಡಿ ಬಿಸಾಡ್ತಾರೆ. ನಾನು ಹೇಳೋದು ಇಷ್ಟು: ಗುಳ್ಳೆಯನ್ನ ಬೇರೆ ಇಡು, ಹುಳಿಯನ್ನ ಬೇರೆ ಮಾಡು, ಎರಡೂ ಲೋಟದಲ್ಲೇ ಸೇರಲಿ. ಯಂತ್ರ ಇದ್ದರೂ ಅದೇ ನಿಯಮ. ಬರೀ ನೀರಿಗೆ ಗ್ಯಾಸ್ ತುಂಬಬೇಕು. ರಸ ಸೇರಿಸಿ ತುಂಬಿದರೆ ನೊರೆ ಉಕ್ಕಿ ಅಡುಗೆಮನೆ ಗೋಡೆ ಎಲ್ಲ ಅಂಟು.

— ಸರಿ, ನಿಂಬೆಗೆ ಬನ್ನಿ. ಎಂಥ ಹಣ್ಣು ತರಲಿ?

— ತೆಳು ಸಿಪ್ಪೆ, ಹಳದಿಗೆ ತಿರುಗಿದ್ದು, ಕೈಗೆ ಭಾರವಾದದ್ದು. ದಪ್ಪ ಸಿಪ್ಪೆಯದು ಉಪ್ಪಿನಕಾಯಿಗೆ ಇರಲಿ. ತಂದ ಮೇಲೆ ಉಗುರುಬೆಚ್ಚಗಿನ ನೀರಲ್ಲಿ ಚೆನ್ನಾಗಿ ಉಜ್ಜಿ ತೊಳೆದು ಒರೆಸು, ಯಾಕಂದರೆ ನಮಗೆ ಬೇಕಾದ್ದು ಸಿಪ್ಪೆ.

— ಸಿಪ್ಪೆಯಾ? ರಸ ಅಲ್ವಾ?

— ರಸ ಹುಳಿ ಕೊಡುತ್ತೆ, ಅಷ್ಟೇ. ಘಮ ಅನ್ನೋದು ಇರೋದೆಲ್ಲ ಸಿಪ್ಪೆಯಲ್ಲಿ. ಇಗೋ, ಈ ಹಣ್ಣು ಹಿಡಿದು ಕಿಟಕಿ ಬೆಳಕಿಗೆ ನೋಡು. ಮೈಮೇಲೆಲ್ಲ ಸೂಜಿಮೊನೆಯಷ್ಟು ಚುಕ್ಕಿ ಕಾಣುತ್ತಾ? ಒಂದೊಂದೂ ಎಣ್ಣೆಯ ಚೀಲ. ಈಗ ಒಂದು ಚೂರು ಸಿಪ್ಪೆ ಕತ್ತರಿಸಿ, ಹೊರಮೈ ಆ ಕಡೆ ಮಾಡಿ, ಬೆರಳಲ್ಲಿ ಮಡಿಸು. ಬಿಸಿಲಿಗೆ ಹಿಡಿದು ಮಡಿಸು.

— ಓ, ಮಂಜಿನ ಥರ ಹಾರಿತು!

— ಅದೇ ಎಣ್ಣೆ. ಅದರಲ್ಲಿ ಹೆಚ್ಚಿನ ಪಾಲು ಲಿಮೋನೀನ್ ಅನ್ನೋ ವಸ್ತು, ಜೊತೆಗೆ ಸಿಟ್ರಾಲ್. ದೀಪದ ಕುಡಿಯ ಹತ್ತಿರ ಹಿಸುಕಿದರೆ ಚಟಪಟ ಅಂತ ಕಿಡಿ ಹತ್ತುತ್ತೆ; ಊದಿದ ಬಲೂನಿನ ಮೇಲೆ ಹಿಸುಕಿದರೆ ಬಲೂನು ಒಡೆಯುತ್ತೆ, ಆ ಎಣ್ಣೆಗೆ ರಬ್ಬರನ್ನ ಕರಗಿಸೋ ಶಕ್ತಿ ಇದೆ. ಈಗ ನಿನ್ನ ಬೆರಳು ಮೂಸಿ ನೋಡು. ಈ ವಾಸನೆ ಬರೀ ರಸ ಹಿಂಡಿದ ಲೋಟದಲ್ಲಿ ಸಿಗುತ್ತಾ ಹೇಳು.

— ಸಿಗಲ್ಲ. ಆದರೆ ಎಣ್ಣೆ ನೀರಲ್ಲಿ ಕರಗಲ್ಲವಲ್ಲ, ಸೇರಿಸೋದು ಹೇಗೆ?

— ಸಕ್ಕರೆಗೆ ಉಜ್ಜು. ಹಣ್ಣಿನ ಸಿಪ್ಪೆಯನ್ನ ತುರಿಮಣೆಯ ಸಣ್ಣ ಕಣ್ಣಲ್ಲಿ ಮೇಲಿಂದ ಮೇಲೆ ತುರಿ. ಹಳದಿ ಪದರ ಮಾತ್ರ. ಬಿಳಿ ತಿರುಳು ಕಂಡ ತಕ್ಷಣ ಹಣ್ಣು ತಿರುಗಿಸು, ಬಿಳಿಯದು ಕಹಿ. ತುರಿಯನ್ನ ಸಕ್ಕರೆ ಮೇಲೆ ಹಾಕಿ ಬೆರಳ ತುದಿಯಿಂದ ತಿಕ್ಕು. ಮೊದಲು ಸಕ್ಕರೆ ಒಣ ಮರಳಾಗಿ ಬೆರಳಿಂದ ಜಾರುತ್ತೆ. ತಿಕ್ತಾ ತಿಕ್ತಾ ಒದ್ದೆಯಾಗುತ್ತೆ, ತೆಳು ಹಸಿರು ಹಳದಿ ಬಣ್ಣ ಬರುತ್ತೆ, ಉಂಡೆ ಕಟ್ಟೋಕೆ ಶುರುವಾಗುತ್ತೆ. ಹರಳಿನ ಅಂಚುಗಳು ಆ ಚೀಲಗಳನ್ನ ಹರಿಯುತ್ತವೆ, ಎಣ್ಣೆ ಸಕ್ಕರೆಗೆ ಅಂಟಿಕೊಳ್ಳುತ್ತೆ. ಮುಚ್ಚಿ ಎರಡು ಗಂಟೆ ಇಡು. ಮುಚ್ಚಳ ತೆಗೆದಾಗ ಇಡೀ ಮನೆಗೆ ಗೊತ್ತಾಗುತ್ತೆ.

— ಆಮೇಲೆ ಒಲೆ ಮೇಲಿಟ್ಟು ಪಾಕ?

— ಒಲೆ ಹಚ್ಚಲೇಬೇಡ! ಕಾಯಿಸಿದರೆ ಆ ಘಮವೆಲ್ಲ ಹಬೆ ಜೊತೆ ಹೋಗುತ್ತೆ, ರಸ ಹಳಸಿದ ಹಾಗೆ ರುಚಿ ಬರುತ್ತೆ. ನಿಂಬೆರಸ ಹತ್ತರಲ್ಲಿ ಒಂಬತ್ತು ಪಾಲು ನೀರೇ ತಾನೆ? ಸಕ್ಕರೆ ಅದರಲ್ಲೇ ಕರಗುತ್ತೆ. ಸ್ವಲ್ಪ ಹೊತ್ತು ತಿರುಗಿಸಬೇಕು ಅಷ್ಟೇ. ನಲವತ್ತು ಜನಕ್ಕೆ ಅಳತೆ ಬರೆದುಕೋ. ಅರವತ್ತು ನಿಂಬೆಹಣ್ಣು, ಸುಮಾರಾಗಿ 900 ಮಿಲಿಯಿಂದ ಒಂದು ಲೀಟರ್ ರಸ. ಸಕ್ಕರೆ 600 ಗ್ರಾಂ. ಅದರಲ್ಲಿ ಹದಿನೈದು ಹಣ್ಣಿನ ಸಿಪ್ಪೆ ತುರಿ. ಒಂದು ಚಮಚ ಉಪ್ಪು. ಎಲ್ಲ ಕರಗಿದ ಮೇಲೆ ಸಣ್ಣ ಜರಡಿಯಲ್ಲಿ ಸೋಸಿ ಫ್ರಿಜ್‌ಗೆ ಇಡು. ಒಂದೂಕಾಲು ಲೀಟರ್ ಆಸುಪಾಸು ಆಗುತ್ತೆ. ಲೋಟಕ್ಕೆ 30 ಮಿಲಿ, ಅಂದರೆ ಎರಡು ದೊಡ್ಡ ಚಮಚ. ಅದಕ್ಕೆ 170 ಮಿಲಿ ಸೋಡ. ನಲವತ್ತು ಲೋಟಕ್ಕೆ ಏಳು ಲೀಟರ್ ಬೇಕು, ಎಂಟು ತರಿಸು.

— 600 ಗ್ರಾಂ ಸಕ್ಕರೆ ಜಾಸ್ತಿ ಅಲ್ವಾ?

— ಲೋಟಕ್ಕೆ 14 ಗ್ರಾಂ ಬಿತ್ತು. ಅಂಗಡಿಯ ಸಿಹಿ ಪಾನೀಯಗಳಲ್ಲಿ ಸಾಮಾನ್ಯವಾಗಿ 100 ಮಿಲಿಗೇ ಹತ್ತು ಗ್ರಾಂ ಆಸುಪಾಸು ಇರುತ್ತೆ, ಅಂದರೆ ಇದೇ ಅಳತೆಯ ಲೋಟಕ್ಕೆ ಇಪ್ಪತ್ತು. ಘಮ ಚೆನ್ನಾಗಿದ್ದರೆ ನಾಲಿಗೆ ಸಿಹಿ ಕೇಳಲ್ಲ ಕಣೇ. ಸಿಪ್ಪೆ ಇಲ್ಲದೆ ಮಾಡಿದವರಿಗೆ ಸಕ್ಕರೆ ಸುರಿಯದೆ ಬೇರೆ ದಾರಿ ಇರಲ್ಲ. ಸಕ್ಕರೆ ಕಾಯಿಲೆಯವರಿಗೆ ಬೇರೆ ಪಾತ್ರೆಯಲ್ಲಿ ಉಪ್ಪು ನಿಂಬೆರಸ ಇಡು. ಆ ರಸದಲ್ಲಿ ಒಂದೆರಡು ಸಿಪ್ಪೆ ಚೂರು ಹಿಸುಕಿ ಹಾಕು, ಅವರಿಗೂ ಘಮ ಸಿಗಲಿ.

— ಹಿಂಡೋದರಲ್ಲೂ ಏನಾದರೂ ಇದೆಯಾ?

— ಹಣ್ಣನ್ನ ಮೊದಲು ಅಂಗೈ ಅಡಿ ಇಟ್ಟು ಕಟ್ಟೆ ಮೇಲೆ ಉರುಳಿಸು, ಒಳಗಿನ ಕಣ ಸಡಿಲವಾಗುತ್ತೆ. ಬೀಜ ಜಜ್ಜಬಾರದು. ಕೊನೇ ಹನಿಗಾಗಿ ಸಿಪ್ಪೆ ತಿರುಚಬಾರದು, ಬರೋದು ಕಹಿ. ಮೂಸಂಬಿ ರಸ ಹಿಂಡಿ ಇಟ್ಟರೆ ಸ್ವಲ್ಪ ಹೊತ್ತಿಗೆ ಕಹಿಯಾಗುತ್ತಲ್ಲ, ಅದಕ್ಕೆ ಕಾರಣ ಲಿಮೋನಿನ್ ಅನ್ನೋ ವಸ್ತು, ಸಿಪ್ಪೆ ಎಣ್ಣೆಯ ಲಿಮೋನೀನ್ ಅಲ್ಲ. ಹಣ್ಣಿನಲ್ಲಿ ಇರುವಾಗ ಅದು ಕಹಿಯಿಲ್ಲದ ರೂಪದಲ್ಲಿರುತ್ತೆ. ಹಿಂಡಿದ ಮೇಲೆ ರಸದ ಹುಳಿ ತಾಗಿ ಮೆಲ್ಲಗೆ ಕಹಿಗೆ ತಿರುಗುತ್ತೆ. ಅದಕ್ಕೇ ಮೂಸಂಬಿ ಸೋಡ ಮಾಡೋದಾದರೆ ಹಿಂಡಿದ ತಕ್ಷಣ ಕುಡಿಸಬೇಕು, ಹಿಂದಿನ ದಿನ ಮಾಡಿಡೋ ಹಾಗಿಲ್ಲ.

— ಈಗ ಸೋಡ ಸುರಿಯೋದು. ಅದರಲ್ಲಿ ಏನಿದೆ ಅಂತ ಕೇಳೋದೇ ಇಲ್ಲ, ಹೇಳ್ತೀರ ಅಂತ ಗೊತ್ತು.

— ಮುಖ್ಯವಾದ್ದೇ ಅಲ್ಲಿರೋದು, ತಣ್ಣಗಿರಬೇಕು. ಮಾಮೂಲಿ ಒತ್ತಡದಲ್ಲಿ ಒಂದು ಲೀಟರ್ ನೀರು 30 ಡಿಗ್ರಿಯಲ್ಲಿ ಸುಮಾರು 1.3 ಗ್ರಾಂ ಗ್ಯಾಸ್ ಹಿಡಿದುಕೊಳ್ಳುತ್ತೆ. 5 ಡಿಗ್ರಿಗೆ ಇಳಿಸಿದರೆ 2.8 ಗ್ರಾಂ, ಎರಡು ಪಟ್ಟಿಗೂ ಮೇಲೆ. ಹಜಾರದ ಮೂಲೆಯಲ್ಲಿ ಬೆಚ್ಚಗೆ ಕೂತ ಬಾಟಲಿ ತೆರೆದರೆ ಅರ್ಧ ಗ್ಯಾಸ್ ನೊರೆಯಾಗಿ ಹೋಗುತ್ತೆ. ಐಸ್ ಹಾಕಿದರೆ ತಣ್ಣಗಾಗುತ್ತೆ ಅಂತೀಯ, ನಿಜ. ಆದರೆ ಬೆಚ್ಚಗಿನ ಸೋಡ ಐಸ್ ಮೇಲೆ ಬಿದ್ದ ಕೂಡಲೇ ಅದರ ಒರಟು ಮೈಗೆ ಗುಳ್ಳೆ ಕಟ್ಟಿಕೊಂಡು ಹಾರಿಹೋಗುತ್ತೆ, ಐಸೂ ಕರಗಿ ನೀರು ನೀರಾಗುತ್ತೆ. ಹಿಂದಿನ ರಾತ್ರಿಯೇ ಬಾಟಲಿ ಫ್ರಿಜ್‌ನಲ್ಲಿ ಇರಬೇಕು. ಜಾಗ ಸಾಲದಿದ್ದರೆ ದೊಡ್ಡ ಬಕೆಟ್‌ನಲ್ಲಿ ಐಸು, ನೀರು, ಒಂದು ಹಿಡಿ ಕಲ್ಲುಪ್ಪು ಹಾಕಿ ಅದರಲ್ಲಿ ಮುಳುಗಿಸು.

— ಮೊದಲು ಸೋಡ, ಆಮೇಲೆ ನಿಂಬೆನಾ?

— ಮೊದಲು ನಿಂಬೆ. ಸೋಡ ಮೇಲಿಂದ. ಲೋಟ ಸ್ವಲ್ಪ ಓರೆ ಮಾಡಿ ಅಂಚಿನಿಂದ ಇಳಿಸಬೇಕು. ಬೀಳುವಾಗಲೇ ಬೆರೆಯುತ್ತೆ, ಅಡಿಯಿಂದ ಒಂದು ಸಲ ಮೇಲೆತ್ತಿದರೆ ಸಾಕು. ಚಮಚ ಹಾಕಿ ಗರಗರ ತಿರುಗಿಸಬೇಡ. ಹೋಟೆಲಲ್ಲಿ ಉಪ್ಪಿನ ಸೋಡ ಕೊಡುವಾಗ ಲೋಟದಲ್ಲಿ ಸೋಡ ತುಂಬಿ ಮೇಲಿಂದ ಉಪ್ಪು ಉದುರಿಸ್ತಾರಲ್ಲ, ಬುಸ್ ಅಂತ ಉಕ್ಕಿ ಮೇಜಿನ ಮೇಲೆ ಹರಿಯುತ್ತೆ. ಉಪ್ಪಿನ ಒಂದೊಂದು ಹರಳೂ ಗುಳ್ಳೆ ಹುಟ್ಟೋ ಜಾಗ. ಕುಡಿಯೋರ ಬಾಯಿಗೆ ಬರಬೇಕಾದ ಗ್ಯಾಸ್ ಕಣ್ಣಮುಂದೆಯೇ ಖಾಲಿ. ಉಪ್ಪು, ಸಕ್ಕರೆ, ಜೀರಿಗೆ ಪುಡಿ, ಶುಂಠಿ ಏನೇ ಇರಲಿ, ಮೊದಲೇ ರಸದಲ್ಲಿ ಕರಗಿ, ಸೋಸಿ ಆಗಿರಬೇಕು ಅಂತ ಹೇಳೋದು ಇದಕ್ಕೇ.

— ಶುಂಠಿ, ಪುದೀನ ಎರಡೂ ಹಾಕೋಣ ಅಂತಿದ್ದೆ. ಏಲಕ್ಕಿಯೂ.

— ಒಂದು ಆರಿಸು. ಮೂರೂ ಹಾಕಿದರೆ ನಿಂಬೆ ಎಲ್ಲಿ ಅಂತ ಹುಡುಕಬೇಕು. ನನ್ನನ್ನ ಕೇಳಿದರೆ ಶುಂಠಿ. ತುರಿದು ಹಿಂಡಿ, ಆ ರಸ ಹತ್ತು ನಿಮಿಷ ಕದಲದೆ ಇಡು. ಅಡಿಯಲ್ಲಿ ಬಿಳಿ ಗಸಿ ಕೂರುತ್ತೆ, ಮೇಲಿನ ತಿಳಿ ಮಾತ್ರ ಬಗ್ಗಿಸಿಕೋ.

— ದೊಡ್ಡಮ್ಮ, ಸೋಡ ಕುಡಿದಾಗ ಮೂಗಿಗೆ ಚುರ್ ಅನ್ನುತ್ತಲ್ಲ, ಅದು ಗುಳ್ಳೆ ಒಡೆಯೋದಕ್ಕಾ?

— ಎಲ್ಲರೂ ಹಾಗೇ ಅಂದುಕೊಂಡಿರ್ತಾರೆ. ನಿಜದಲ್ಲಿ ಚುಚ್ಚೋದು ಆಮ್ಲ. ಗ್ಯಾಸ್ ನಾಲಿಗೆಯ ಮೇಲೆ ಕಾರ್ಬೋನಿಕ್ ಆಮ್ಲವಾಗುತ್ತೆ. ಹುಳಿ ಗುರುತಿಸೋ ಕೋಶಗಳ ಮೈಮೇಲೆ ಕಾರ್ಬೋನಿಕ್ ಅನ್‌ಹೈಡ್ರೇಸ್ ಅಂತ ಒಂದು ಕಿಣ್ವ ಇದೆ, ಆ ಕೆಲಸ ಕ್ಷಣದಲ್ಲಿ ಮಾಡೋದು ಅದೇ. 2009ರಲ್ಲಿ ವಿಜ್ಞಾನಿಗಳು ಇಲಿಗಳಲ್ಲಿ ಇದನ್ನ ತೋರಿಸಿಕೊಟ್ಟರು. ಎತ್ತರದ ಬೆಟ್ಟ ಹತ್ತೋರು ತಲೆಸುತ್ತು ಬಾರದಿರಲಿ ಅಂತ ಅಸಿಟಜೋಲಮೈಡ್ ಮಾತ್ರೆ ನುಂಗ್ತಾರೆ. ಆ ಮಾತ್ರೆ ಇದೇ ಕಿಣ್ವವನ್ನ ತಡೆಯುತ್ತೆ. ಅದನ್ನ ನುಂಗಿದವರಿಗೆ ಸೋಡ, ಬಿಯರ್ ಎಲ್ಲ ಸಪ್ಪೆ, ಗುಳ್ಳೆ ಇದ್ದ ಹಾಗೇ ಇರುತ್ತೆ, ಚುರುಕು ಮಾತ್ರ ಇಲ್ಲ! ಸೋಡವೇ ಹುಳಿ ಅನ್ನೋದು ತಿಳಿದಿದ್ದರೆ ನಿಂಬೆ ಎಷ್ಟು ಹಾಕಬೇಕು ಅನ್ನೋದೂ ತಿಳಿಯುತ್ತೆ. ಷರಬತ್ತಿಗಿಂತ ಸೋಡಕ್ಕೆ ರಸ ಒಂದು ಪಾಲು ಕಡಿಮೆಯೇ ಸಾಕು.

— ನಿಂಬೆ ಬಿಟ್ಟು ಬೇರೆ ಹಣ್ಣಲ್ಲೂ ಆಗುತ್ತಾ?

— ಆಗುತ್ತೆ, ಮಾಡಬೇಕು. ನಮ್ಮ ನಾಡಲ್ಲಿ ಎಷ್ಟೊಂದು ಹುಳಿ ಹಣ್ಣಿದೆ! ಮಲೆನಾಡಲ್ಲಿ ಕಂಚಿಕಾಯಿ, ಮಾದಳ. ಬಯಲುಸೀಮೆಯಲ್ಲಿ ಹೇರಳೆಕಾಯಿ, ಗಜನಿಂಬೆ. ಉಪ್ಪಿನಕಾಯಿ, ಚಿತ್ರಾನ್ನ ಬಿಟ್ಟರೆ ಅವನ್ನ ಕೇಳೋರೇ ಇಲ್ಲ. ಹೇರಳೆಕಾಯಿ ಸಿಪ್ಪೆ ಒಂದೇ ಒಂದು ಚೂರು ಸಕ್ಕರೆಗೆ ತಿಕ್ಕಿ ನೋಡು, ನಿಂಬೆಗಿಂತ ಗಡಸು ಘಮ. ಕೊಡಗಿನ ಕಿತ್ತಳೆ ಇನ್ನೊಂದು. ಕಾಫಿ ತೋಟದ ನಡುವೆ ಬೆಳೆಯೋ, ಸಿಪ್ಪೆ ಸಡಿಲವಾಗಿ ಸುಲಿಯೋ ಹಣ್ಣು. ಅದಕ್ಕೆ ಭೌಗೋಳಿಕ ಗುರುತು ಸಿಕ್ಕಿದೆ, ಆದರೆ ರೋಗದ ಹೊಡೆತಕ್ಕೆ ತೋಟಗಳು ಕುಗ್ಗಿವೆ. ಸಂತೆಯಲ್ಲಿ ಕಂಡರೆ ಬಿಡಬೇಡ. ಬರೀ ಕಿತ್ತಳೆ ರಸಕ್ಕೆ ಸೋಡ ಬೆರೆಸಿದರೆ ಪೇಲವ, ನಾಲ್ಕು ಹಣ್ಣಿಗೆ ಒಂದು ನಿಂಬೆ ಸೇರಿಸಿದರೆ ಎದ್ದು ನಿಲ್ಲುತ್ತೆ.

— ದೇವನಹಳ್ಳಿ ಚಕ್ಕೋತ?

— ಒಳ್ಳೇ ಮಾತು ನೆನಪಿಸಿದೆ. ಅದಕ್ಕೂ ಭೌಗೋಳಿಕ ಗುರುತಿದೆ. ಒಳಗಿನ ಗುಲಾಬಿ ಬಣ್ಣ ಸೋಡದಲ್ಲಿ ಬಹಳ ಚೆಂದ. ಆದರೆ ತೊಳೆಯ ಮೇಲಿನ ಪೊರೆ ಪೂರ್ತಿ ಬಿಡಿಸಬೇಕು, ಕಹಿ ಇರೋದು ಅದರಲ್ಲಿ. ಒಳಗಿನ ಎಸಳನ್ನ ಮಿಕ್ಸಿಗೆ ಹಾಕದೆ ಕೈಯಲ್ಲೇ ಹಿಂಡು. ಒಂದು ಎಚ್ಚರಿಕೆ: ಕೆಲವು ಬಿಪಿ ಮಾತ್ರೆ, ಕೆಲವು ಕೊಲೆಸ್ಟರಾಲ್ ಮಾತ್ರೆಗಳ ಜೊತೆ ಚಕ್ಕೋತ ಸೇರಿದರೆ ಮಾತ್ರೆಯ ಪ್ರಭಾವ ಮೈಯಲ್ಲಿ ಹೆಚ್ಚಾಗಬಹುದು. ಹಿರಿಯರಿಗೆ ಕೊಡುವ ಮುಂಚೆ ಕೇಳಿ ಕೊಡು, ಡಾಕ್ಟರು ಬೇಡ ಅಂದಿದ್ದರೆ ನಿಂಬೆ ಇದ್ದೇ ಇದೆ.

— ಕೊನೇ ಪ್ರಶ್ನೆ. ಅರವತ್ತು ನಿಂಬೆ ಅಂದಿರಿ. ಈಗ ಮಾರ್ಕೆಟ್ಟಲ್ಲಿ ರೇಟು ಕೇಳಿದ್ದೀರಾ?

— ಕೇಳಿದ್ದೀನಿ. ಬೇಸಿಗೆಯಲ್ಲಿ ಏರಲೇಬೇಕು, 2022ರ ಏಪ್ರಿಲ್‌ನಲ್ಲಿ ಒಂದೊಂದು ಹಣ್ಣು ಹತ್ತು ರೂಪಾಯಿ ಮುಟ್ಟಿತ್ತು. ಗಿಡ ಹೆಚ್ಚು ಕಾಯಿ ಕೊಡೋದು ಮಳೆಗಾಲದಲ್ಲಿ, ನಾವು ಕೇಳೋದು ಬೇಸಿಗೆಯಲ್ಲಿ. ಮಳೆಗಾಲದಲ್ಲಿ ವಿಜಯಪುರದ ಇಂಡಿ ಕಡೆ ರೈತರಿಗೆ ಕಾಯಿ ಬಿಡಿಸಿದ ಕೂಲಿಯೂ ಹುಟ್ಟದ ದಿನ ಬರುತ್ತೆ. ನಮ್ಮ ರಾಜ್ಯದಲ್ಲಿ ನಿಂಬೆಗೆ ಹೆಸರಾದ ತಾಲ್ಲೂಕು ಅದು. ಬಿರುಬಿಸಿಲಲ್ಲಿ ಗಿಡ ಉಳಿಸಿಕೊಂಡ ರೈತನಿಗೆ ಬೆಳೆ ಕೈಗೆ ಬಂದಾಗ ಬೆಲೆ ಇಲ್ಲ ಅಂದರೆ ನನಗೆ ಹೊಟ್ಟೆ ಉರಿಯುತ್ತೆ. ಇದರಲ್ಲಿ ನಾವು ಮಾಡಬಹುದಾದ್ದು ಸ್ವಲ್ಪ ಇದೆ.

— ಏನು?

— ಅಗ್ಗವಾಗಿದ್ದಾಗ ಕೊಳ್ಳೋದು. ಜುಲೈ, ಆಗಸ್ಟಲ್ಲಿ ನೂರು ಹಣ್ಣು ತಗೋ. ತೊಳೆದು ಸಿಪ್ಪೆ ತುರಿದು ಸಣ್ಣ ಡಬ್ಬಿಗೆ ಹಾಕಿ ಫ್ರೀಜರ್‌ಗೆ ಇಡು. ರಸ ಹಿಂಡಿ ಸೋಸಿ ಐಸ್ ಟ್ರೇಗೆ ಹುಯ್ಯಿ. ಗಟ್ಟಿಯಾದ ಮೇಲೆ ಬಿಲ್ಲೆಗಳನ್ನ ಎತ್ತಿ ಬಿಗಿ ಮುಚ್ಚಳದ ಡಬ್ಬಿಗೆ ತುಂಬು. ಹುಳಿ ಹಾಗೇ ಉಳಿಯುತ್ತೆ. ಹೊಸ ಹಣ್ಣಿನ ಘಮಕ್ಕೆ ಒಂದು ಕೂದಲೆಳೆ ಕಡಿಮೆ, ಅದನ್ನ ತುರಿ ಸರಿಮಾಡುತ್ತೆ. ಬೇಸಿಗೆಯಲ್ಲಿ ಯಾರಾದರೂ ಬಾಗಿಲು ತಟ್ಟಿದರೆ ಲೋಟಕ್ಕೆ ಒಂದೆರಡು ಬಿಲ್ಲೆ, ಸಕ್ಕರೆ ನೀರು, ಮೇಲೆ ಸೋಡ. ಈ ಸಲದ ಗೃಹಪ್ರವೇಶಕ್ಕೆ ದುಬಾರಿಯೇ ಕೊಡು, ಬೇರೆ ದಾರಿ ಇಲ್ಲ. ಸೋಸಿಟ್ಟ ರಸ ಉಳಿದರೆ ಫ್ರಿಜ್‌ನಲ್ಲಿ ಒಂದು ವಾರ ಇರುತ್ತೆ, ಅಷ್ಟರಲ್ಲಿ ಮುಗಿಸು. ಬರುವ ಮಳೆಗಾಲಕ್ಕೆ ಮಾತ್ರ ಮರೀಬೇಡ, ನಿಂಬೆ ರಾಶಿ ಬಿದ್ದಿರೋ ದಿನ ಚೀಲ ತಗೊಂಡು ಮಾರ್ಕೆಟ್ಟಿಗೆ ಹೋಗು, ಚೌಕಾಸಿ ಮಾಡದೆ ಕೊಂಡುಕೊ.